ಅತ್ತೆಯ ಸುತ್ತಿಗೆ ಮತ್ತು ಮೂರು ಕುರ್ಚಿ

ಮೊಬೈಲಿನಲ್ಲಿ ಒಂದೇ ಬಣ್ಣದ ಮೂರು ಮಣಿ ಜೋಡಿಸಿ ಮಾಯ ಮಾಡುವ ಆಟವನ್ನು ಒಂದು ಸಲ ಹಚ್ಚಿಕೊಂಡವರ ಮನೆಯಲ್ಲಿ ಇಂಥವು ನಡೆಯದೆ ಇದ್ದರೇ ಆಶ್ಚರ್ಯ. ನಮ್ಮ ಮನೆ ಪಾಂಡವಪುರದ ಹತ್ತಿರ. ಕೆ.ಆರ್. ಪೇಟೆ ದಾರಿಯ ಒಂದು ಹಳ್ಳಿಯಲ್ಲಿ ನಾನು ಶಾಲೆಯ ಟೀಚರ್. ಮದುವೆಯಾಗಿ ಹನ್ನೊಂದು ವರ್ಷ. ಮುದ್ದೆ ತಿರುವುವುದರಿಂದ ಹಿಡಿದು ಸೀರೆ ಒಣಹಾಕುವವರೆಗೆ ಎಲ್ಲದರಲ್ಲೂ ನಮ್ಮ ಅತ್ತೆ ಗುರು, ನಾನು ಶಿಷ್ಯೆ. ಈ ಆಟ ಒಂದರಲ್ಲಿ ಮಾತ್ರ ನಾನು ಗುರು. ಈ ಒಂದು ಪೀಠವನ್ನು ಏನೇ ಆದರೂ ಬಿಟ್ಟುಕೊಡಬಾರದು ಅಂತ ತೀರ್ಮಾನಿಸಿದ್ದೆ.

ಕೆಳಗಿನಿಂದ ಶುರು ಮಾಡಿ

ಅತ್ತೆಗೆ ನಾನು ಹೇಳಿಕೊಟ್ಟ ಮೊದಲ ಪಾಠ ಇದು. "ಮೇಲೆ ಜೋಡಿಸಿದ್ರೆ ಮೇಲಿನವು ಮಾತ್ರ ಹೋಗ್ತವೆ ಅತ್ತೆ. ಕೆಳಗಡೆ ಒಂದು ಎಳೀರಿ, ಮೇಲಿನವು ತಾವೇ ಜಾರಿ ಬರ್ತವೆ."

ಅತ್ತೆ ತಲೆಯಾಡಿಸಿದರು. ಪಕ್ಕದಲ್ಲಿ ಪೇಪರ್ ಓದುತ್ತಿದ್ದ ನಮ್ಮ ಯಜಮಾನರೂ ಕೇಳಿಸಿಕೊಂಡರು, ನನಗೆ ಗೊತ್ತಾಗಲಿಲ್ಲ. ಮಾರನೆಯ ಬೆಳಿಗ್ಗೆ ಚಟ್ನಿಗೆ ತೆಂಗಿನಕಾಯಿ ತರಲು ಅವರನ್ನು ಕಳಿಸಿದೆ. ಹಜಾರದ ಮೂಲೆಯಲ್ಲಿ ಸೊಂಟದೆತ್ತರಕ್ಕೆ ಕಾಯಿ ರಾಶಿ. ಕೆಳಗಿನ ಕಾಯಿ ಚೆನ್ನಾಗಿ ಬಲಿತಿರುತ್ತದೆ ಅನ್ನುವುದು ಅವರ ಲೆಕ್ಕ. ಎಳೆದರು. ದಡಬಡ ಸದ್ದಿಗೆ ಕೊಟ್ಟಿಗೆಯ ಹಸು ಎದ್ದು ನಿಂತಿತು. ಒಂದು ಕಾಯಿ ಹೊಸ್ತಿಲು ದಾಟಿ ಬೀದಿಗೇ ಹೋಯಿತು.

ಒಳಗಿನಿಂದ ಅತ್ತೆ, "ಏನ್ಲಾ ಅದು?" ಅಂತ ಕೂಗಿದರು.

ಯಜಮಾನರು ಮೊಣಕಾಲುದ್ದ ಕಾಯಿಗಳ ನಡುವೆ ಒಂದು ಕಾಯಿ ಹಿಡಿದು ನಿಂತಿದ್ದರು. "ಏನಿಲ್ಲ ಕಣವ್ವ, ಮೇಲಿನವು ತಾವೇ ಜಾರಿ ಬಂದ್ವು."

ಪಕ್ಕದವರ ಮಾತು ಕೇಳಬೇಡಿ

ಬಸ್ಸಿನಲ್ಲಿ ಈ ಆಟ ಆಡಿದರೆ ಆಡುವವರು ಒಬ್ಬರು, ಆಡಿಸುವವರು ಹತ್ತು ಜನ. ಒಂದು ದಿನ ನನಗೆ ಉಳಿದಿದ್ದು ನಾಲ್ಕೇ ನಡೆ. ಹಿಂದಿನ ಸೀಟಿನ ಹಿರಿಯರೊಬ್ಬರು ನನ್ನ ಭುಜದ ಮೇಲಿಂದ ಕೈ ಚಾಚಿ, "ಆ ಹಳದೀನ ಎಡಕ್ಕೆ ತಳ್ಳವ್ವ" ಅಂದರು. ನಿಂತಿದ್ದ ಹೆಂಗಸು, "ಸುಮ್ಕಿರಿ ತಾತ, ಕೆಂಪ್ನೇ ಮೊದ್ಲು ತೆಗೀಬೇಕು" ಅಂದಳು. ಇಬ್ಬರ ಮರ್ಯಾದೆಗೂ ಒಂದೊಂದು ನಡೆ ಕೊಟ್ಟೆ. ಉಳಿದ ಎರಡರಲ್ಲಿ ಏನೂ ಆಗಲಿಲ್ಲ, ಸೋತೆ.

ತಲೆಯೆತ್ತಿ ನೋಡಿದರೆ ನಮ್ಮ ಶಾಲೆಯ ಗೇಟು ಹೋಗಿ ಎರಡು ಊರು ಕಳೆದಿದೆ! ಕಂಡಕ್ಟರನ್ನು ಜಬರಿಸಿ ಕೇಳಿದೆ. "ದಿನಾ ಇಳಿಯೋಳು ನಾನು. ಒಂದು ಸೀಟಿ ಊದಕ್ಕಾಗಲಿಲ್ವ?"

ಆತ ಸೀಟಿ ಬಾಯಲ್ಲೇ ಇಟ್ಟುಕೊಂಡು ನನ್ನ ಫೋನನ್ನೇ ನೋಡುತ್ತಿದ್ದ. "ಊದಾನ ಅಂತಿದ್ದೆ ಮೇಡಮ್ಮು, ಗೆಲ್ತೀರೇನೋ ಅಂತ ಕಾಯ್ತಾ ಇದ್ದೆ."

ಸುತ್ತಿಗೆ ಉಳಿಸಿಕೊಳ್ಳಿ

ಆಟದಲ್ಲಿ ಆಗಾಗ ಒಂದು ಸುತ್ತಿಗೆ ಬಹುಮಾನ ಸಿಗುತ್ತದೆ. ಕಟ್ಟಕಡೆಗೆ ಅಡ್ಡ ಬರುವ ಯಾವುದೋ ಒಂದನ್ನು ಅದರಿಂದ ಒಡೆಯಬಹುದು. ಸಿಕ್ಕಸಿಕ್ಕಲ್ಲಿ ಬಳಸಬೇಡಿ ಅಂತ ಅತ್ತೆಗೆ ಹೇಳಿದ್ದೆ. ಹೇಳಿ ಕೆಟ್ಟೆ. ಮದುವೆಗಳಲ್ಲಿ ಬಂದ ಸ್ಟೀಲ್ ತಟ್ಟೆಗಳನ್ನು ಇಪ್ಪತ್ತು ವರ್ಷದಿಂದ ಟ್ರಂಕಿನಲ್ಲೇ ಇಟ್ಟಿರುವ ಹೆಂಗಸು ಅವರು, ಸುತ್ತಿಗೆ ಬಿಚ್ಚುತ್ತಾರೆಯೇ? ಮೂವತ್ತೊಂದು ಕೂಡಿಟ್ಟರು. ಒಂದನ್ನೂ ಮುಟ್ಟದೆ, ಬರೀ ತಾಳ್ಮೆಯಿಂದ ಆಡಿ ನನ್ನನ್ನು ದಾಟುವುದಕ್ಕೆ ಒಂದೇ ಹಂತ ಬಾಕಿ.

ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅವರು ಸ್ನಾನಕ್ಕೆ ಹೋದಾಗ ಅವರ ಫೋನು ತೆಗೆದು ಬೇಡದ ಜಾಗದಲ್ಲಿ ಒಂದು ಸುತ್ತಿಗೆ ಹೊಡೆದುಬಿಟ್ಟೆ. ಒಂದು ಹೋದರೆ ಯಾರಿಗೆ ಗೊತ್ತಾಗುತ್ತದೆ?

ಅತ್ತೆ ತಲೆ ಒರೆಸಿಕೊಳ್ಳುತ್ತಾ ಬಂದು ಫೋನು ನೋಡಿದರು. ನನ್ನನ್ನು ನೋಡಿದರು. "ಮೂವತ್ತೇ ಅವೆ. ಬೆಕ್ಕು ಬಂದಿತ್ತೇನವ್ವ ಮನೆಗೆ?"

ಗುರಿಯ ಮೇಲೆ ಕಣ್ಣಿರಲಿ

ಹೋದ ತಿಂಗಳು ಕೆ.ಆರ್. ಪೇಟೆಯಲ್ಲಿ ನೆಂಟರ ಬೀಗರೂಟ, ಮದುವೆಯಾದ ಮೇಲಿನ ಬಾಡೂಟ. ಬೀಗರೂಟದಲ್ಲಿ ಜಾಗ ಹಿಡಿಯುವುದು ಹೇಗೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಉಣ್ಣುತ್ತಿರುವವರ ಕುರ್ಚಿಯ ಹಿಂದೆಯೇ ಮುಂದಿನ ಪಂಕ್ತಿಯವರು ಕಂಬದ ಹಾಗೆ ನಿಂತಿರುತ್ತಾರೆ. ನಮಗೆ ಒಟ್ಟಿಗೆ ಮೂರು ಕುರ್ಚಿ ಬೇಕು. ಬೇರೆ ಬೇರೆ ಕೂತು ಉಣ್ಣುವುದು ಅತ್ತೆಗೆ ಆಗದು.

"ಮೂರು ಜೋಡಿಸೋದು ನನ್ನ ವಿದ್ಯೆ. ನೀವು ಸುಮ್ನೆ ನೋಡ್ತಾ ಇರಿ ಅತ್ತೆ. ಇವತ್ತು ನಾನು ಜೋಡಿಸದೆ ಹೋದ್ರೆ ಇದರಲ್ಲೂ ನೀವೇ ನಂಗೆ ಗುರು" ಅಂದೆ. ನಾಲ್ಕು ಜನ ನೆಂಟರ ಮುಂದೆಯೇ ಅಂದೆ.

ಮೊದಲ ಪಂಕ್ತಿಯಲ್ಲಿ ಒಂದು ಸಿಕ್ಕಿತು. ಎರಡನೆಯದರಲ್ಲಿ ಎರಡು, ಅದೂ ಆ ತುದಿಗೊಂದು ಈ ತುದಿಗೊಂದು. ಮೂರನೆಯ ಪಂಕ್ತಿ ದಾಟಿದರೆ ಸಾರಿನಲ್ಲಿ ಉಳಿಯುವುದು ಮೂಳೆ ಮಾತ್ರ. ಯಜಮಾನರ ಮುಖ ಬಾಡಿತ್ತು. ಮೂರನೆಯ ಪಂಕ್ತಿಗೆ ನುಗ್ಗಿದೆ. ಒಂದು ಖಾಲಿ ಕುರ್ಚಿ, ಅದರ ಪಕ್ಕ ಗಿರಿಜಾ ಮೀಸೆಯ ದೊಡ್ಡ ಆಸಾಮಿ, ಆಚೆಗೆ ಇನ್ನೆರಡು ಖಾಲಿ. ಒಂದರ ಮೇಲೆ ನಾನು ಬ್ಯಾಗಿಟ್ಟೆ, ಇನ್ನೆರಡರ ಮೇಲೆ ಯಜಮಾನರು ಟವಲ್ ಹಾಸಿದರು.

"ಅಣ್ಣಾ, ಒಂದು ಕುರ್ಚಿ ಸರೀತೀರಾ?" ಅಂದೆ.

"ನಾನು ಗಂಡಿನ ಸೋದರಮಾವ. ನನ್ನ ಎಲೆ ಇಲ್ಲೇ" ಅಂದ ಆತ. ಅಲುಗಲಿಲ್ಲ. ಬೇಡಿದೆ, ನಕ್ಕೆ, ಟೀಚರ್ ಅಂತಲೂ ಹೇಳಿದೆ. ಮುದ್ದೆಯ ತಟ್ಟೆ ಪಂಕ್ತಿಯ ಆ ಕೊನೆಯಿಂದ ಹೊರಟೇಬಿಟ್ಟಿತು. ನೆಂಟರು ನನ್ನನ್ನೇ ನೋಡುತ್ತಿದ್ದರು. ನನಗೆ ಅಳುವೇ ಬಂತು.

ಅಲ್ಲಿವರೆಗೂ ಸುಮ್ಮನೆ ನಿಂತಿದ್ದ ಅತ್ತೆ ಸೆರಗು ಸರಿಮಾಡಿಕೊಂಡು ಅವನ ಕಿವಿಯ ಹತ್ತಿರ ಬಗ್ಗಿದರು. "ತಲೆಮಾಂಸ ಆ ಕೊನೇಲೇ ಬಡಿಸ್ತಾವ್ರಂತೆ ಕಣಪ್ಪ. ಈ ಕಡೆಗೆ ಬರೋ ಹೊತ್ಗೆ ಇರ್ತದೋ ಇಲ್ವೋ."

ಗಂಡಿನ ಸೋದರಮಾವ ಎಲೆ ಬಿಟ್ಟು ಎದ್ದ. ಪಂಚೆ ಎತ್ತಿ ಕಟ್ಟಿಕೊಂಡು ಆ ಕೊನೆಗೆ ಓಡಿಯೇ ಹೋದ.

ಅತ್ತೆ ನಡುವಿನ ಕುರ್ಚಿಯಲ್ಲಿ ಕೂತರು. ಆಚೆ ಮಗ, ಈಚೆ ನಾನು. ಹನ್ನೊಂದು ವರ್ಷದಲ್ಲಿ ನನಗೆ ದಕ್ಕಿದ್ದ ಒಂದೇ ಒಂದು ಪೀಠವೂ ಹೋಯಿತು. ಆದರೂ ನಗು ತಡೆಯಲಾಗಲಿಲ್ಲ.

"ಗುರುಗಳೇ, ಆ ತಲೆಮಾಂಸದ ಸುದ್ದಿ ನಿಮಗೆ ಯಾರು ಹೇಳಿದ್ದು?" ಅಂತ ಕೇಳಿದೆ.

ಅತ್ತೆ ಮುದ್ದೆ ಮುರಿದರು. "ಯಾರೂ ಏಳ್ನಿಲ್ಲ ಕಣವ್ವ. ಅಡ್ಡ ಬಂದೋನ್ಗೆ ಒಡೆಯೋ ಸುತ್ತಿಗೆ ಅಂದ್ರೆ ಅದೇಯ. ಫೋನ್ನಾಗಿರೋ ಮೂವತ್ತೂ ಇನ್ನೂ ಅಂಗೇ ಅವೆ, ಮುಟ್ಬ್ಯಾಡ!"