ಕಪ್ಪೆ ಗೆಲ್ಲಿಸಿದ ದುರ್ಬೀನು

ಕಪ್ಪೆ ಹಿಡಿಯುವ ನೌಕರಿಗೆ ಸೇರಿದವನನ್ನು ಕಂಡು ಊರು ನಗದೆ ಬಿಡುವುದಿಲ್ಲ. ಒಂದು ನಗೆ ಆರುವುದರೊಳಗೆ ಇನ್ನೊಂದು ಹುಟ್ಟಿಕೊಳ್ಳುತ್ತದೆ. ಕಾಗದದ ಮೇಲೆ ನಾನು ಪ್ರಯೋಗಶಾಲೆಯ ಸಹಾಯಕ. ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು, ನಮ್ಮ ತಾಲೂಕುಗಳೆಲ್ಲ ಇನ್ನೂ ಮುಂಬಯಿ ರಾಜ್ಯದಲ್ಲಿದ್ದವು. ಗೋಕಾಕದ ಒಂದು ಸಣ್ಣ ದವಾಖಾನೆಯ ಹಿಂದಿನ ಕೋಣೆಯೇ ನಮ್ಮ ಪ್ರಯೋಗಶಾಲೆ.

ಅಲ್ಲಿಯ ಡಾಕ್ಟರಿಗೆ ಒಂದು ಹುಚ್ಚಿತ್ತು. ಕಬ್ಬು ಕಡಿಯುವವರ ಕಾಲಿಗೆ ಕುಡುಗೋಲು ತಗಲಿದರೆ ಆ ಜಾಗ ಕೆಂಪಾಗಿ ಬಾತುಕೊಳ್ಳುವುದೇಕೆ? ರಕ್ತದ ಜೊತೆ ಓಡುವ ಬಿಳಿ ಕಣಗಳು ಗಾಯದ ಹತ್ತಿರ ಬಂದಕೂಡಲೇ ರಕ್ತನಾಳದ ಗೋಡೆಗೆ ಅಂಟಿಕೊಂಡು ನಿಲ್ಲುತ್ತವಲ್ಲ, ಅವನ್ನು ನಿಲ್ಲಿಸುವುದು ಯಾವುದು? ಮನುಷ್ಯನ ರಕ್ತನಾಳ ಬಿಚ್ಚಿ ನೋಡಲಾಗದು. ಕಪ್ಪೆಯ ಹಿಂಗಾಲಿನ ಬೆರಳುಗಳ ನಡುವೆ ತೆಳುವಾದ ಪೊರೆಯಿದೆ, ಅದನ್ನು ಸೂಕ್ಷ್ಮದರ್ಶಕದ ಕೆಳಗೆ ಹರವಿದರೆ ರಕ್ತ ಓಡುವುದು ಕಣ್ಣಿಗೇ ಕಾಣುತ್ತದೆ. ಸೂಕ್ಷ್ಮದರ್ಶಕಕ್ಕೆ ಊರವರ ಬಾಯಲ್ಲಿ ದುರ್ಬೀನು ಎಂದೇ ಹೆಸರು.

ದುರ್ಬೀನು ನಮ್ಮದಲ್ಲ, ಮುಂಬಯಿಯ ಕಾಲೇಜಿನಿಂದ ಎರವಲು ಬಂದದ್ದು. ಅದರ ಜೊತೆಗೇ ಒಂದು ಕಾಗದ ಬಂದಿತ್ತು: ಎರಡು ವರ್ಷದ ಮೇಲೆ ಪ್ರೊಫೆಸರೊಬ್ಬರು ಬಂದು ನೋಡುತ್ತಾರೆ, ಅವರಿಗೆ ಒಪ್ಪಿಗೆಯಾಗದಿದ್ದರೆ ದುರ್ಬೀನು ವಾಪಸು. ದುರ್ಬೀನು ಹೋದರೆ ಡಾಕ್ಟರ ಸಂಶೋಧನೆಯೂ ಹೋಯಿತು, ನನ್ನ ನೌಕರಿಯೂ ಹೋಯಿತು. ಡಾಕ್ಟರು ಆ ಕಾಗದವನ್ನು ಗೋಡೆಗೆ ಅಂಟಿಸಿ ದಿನಾ ಬೆಳಿಗ್ಗೆ ಓದುತ್ತಿದ್ದರು.

ಕಪ್ಪೆಗೊಂದು ಮಂಚ

ಕಪ್ಪೆಯನ್ನು ಅಲುಗದಂತೆ ಮಲಗಿಸಲು ಒಂದು ಹಲಗೆ ಬೇಕಾಯಿತು. ಗೋಕಾಕದಲ್ಲಿ ಮರದ ಗೊಂಬೆ ಮಾಡುವವರಿಗೆ ಬರವೇ? ಅವರಲ್ಲೇ ಹಿರಿಯರೊಬ್ಬರ ಮನೆಗೆ ಹೋದೆ.

"ಕಾಕಾ, ಗೇಣುದ್ದದ ಹಲಗಿ ಬೇಕ್ರಿ. ಒಂದ ತುದಿಗೆ ತೂತು ಇರಬೇಕು. ಅದರ ಮ್ಯಾಲ ಕಪ್ಪಿ ಮಲಗತೈತಿ" ಎಂದೆ.

ಅವರು ಉಳಿ ಕೆಳಗಿಟ್ಟರು. "ಎಷ್ಟೊತ್ತು ಮಲಗತೈತಿ?"

"ಎರಡ ತಾಸು, ಮೂರ ತಾಸು. ಮೈ ನೋಯಬಾರದು ನೋಡ್ರಿ."

"ತಿಳೀತು ಬಿಡು. ಎಂಟ ದಿನ ಬಿಟ್ಟ ಬಾ."

ಎಂಟು ದಿನ ಬಿಟ್ಟು ಹೋದರೆ ಕೈಗೆ ಬಂದದ್ದು ಹಲಗೆಯಲ್ಲ, ಮಂಚ! ಕಡೆದ ನಾಲ್ಕು ಕಾಲು, ತಲೆಯ ಕಡೆ ಎದುರುಬದುರು ಎರಡು ಗಿಳಿ, ಮೈತುಂಬ ಕೆಂಪು ಹಳದಿ ಬಣ್ಣ. ನಾನು ಹೇಳಿದ ತೂತೂ ಇತ್ತು, ಅದರ ಸುತ್ತ ಬಳ್ಳಿಯ ಚಿತ್ತಾರ ಬೇರೆ. ಡಾಕ್ಟರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಗರಗಸ ತರಿಸಿದರು. ಕಾಲುಗಳಿದ್ದರೆ ಅದು ದುರ್ಬೀನಿನ ಕೆಳಗೆ ಹೋಗುವಂತಿರಲಿಲ್ಲ.

ಸಂಜೆ ಕಾಕಾ ತಮ್ಮ ಕೆಲಸ ನೋಡಲು ತಾವೇ ಬಂದರು. ಮಂಚದ ಕಾಲು ಕಡಿದದ್ದು ಕಂಡು ಮುಖ ಬಾಡಿತು. ಆಮೇಲೆ ಒದ್ದೆ ಬಟ್ಟೆ ಸುತ್ತಿಸಿಕೊಂಡು, ಬೆರಳುಗಳಿಗೆ ನೂಲು ಕಟ್ಟಿಸಿಕೊಂಡು ಮಲಗಿದ್ದ ಕಪ್ಪೆಯನ್ನು ಕಂಡರು.

"ಪೇಷಂಟ್ ಅಂತ ಮೊದಲ ಹೇಳಬಾರದೇನ್ರಿ ಸಾಹೇಬ್ರ?" ಎಂದರು. "ನಾ ಮದಿಮಗಾ ಅಂತ ತಿಳದಿದ್ನಿ."

ಮೂಡಲಗಿಯ ಮಳೆ

ಒಂದು ವರ್ಷ ಮಿರಗ, ಅಂದರೆ ಮೃಗಶಿರಾ ನಕ್ಷತ್ರ, ಕಳೆದರೂ ಮಳೆಯ ಸುಳಿವಿಲ್ಲ. ಮಳೆಯಿಲ್ಲದಿದ್ದರೆ ಕಪ್ಪೆ ಎಲ್ಲಿಂದ ಬರಬೇಕು? ಪ್ರಯೋಗ ನಿಂತು ಡಾಕ್ಟರು ಚಡಪಡಿಸತೊಡಗಿದರು. ಮೂಡಲಗಿಯ ಒಂದು ತೋಟದ ಬಾವಿಯಲ್ಲಿ ಕಪ್ಪೆಗಳಿವೆ ಎಂದು ಯಾರೋ ಹೇಳಿದ್ದೇ ತಡ, ನನ್ನನ್ನು ಓಡಿಸಿದರು.

ಬಾವಿಗಿಳಿದು ಹನ್ನೆರಡು ಕಪ್ಪೆ ಹಿಡಿದೆ. ಬಿಸಿಲಿಗೆ ಸಾಯಬಾರದೆಂದು ಅವನ್ನು ಗಡಿಗೆಗೆ ಹಾಕಿ, ಬಾಯಿಗೆ ಒದ್ದೆ ಅರಿವೆ ಕಟ್ಟಿ, ಮೇಲೆ ಬೇವಿನ ಸೊಪ್ಪು ಹೊದಿಸಿದೆ. ಅಂಗಿ ಒದ್ದೆಯಾಗಿತ್ತು, ತೆಗೆದು ಹೆಗಲಿಗೆ ಹಾಕಿಕೊಂಡೆ. ಗಡಿಗೆ ತಲೆಯ ಮೇಲಿಟ್ಟು ಮೋಟಾರು ನಿಲ್ಲುವ ಕಡೆಗೆ ಊರೊಳಗಿಂದಲೇ ಹೊರಟೆ.

ನಮ್ಮ ಕಡೆ ಮಳೆ ಹೋದಾಗ ಗುರ್ಜಿ ಹೊರುವ ಪದ್ಧತಿಯಿದೆ. ಒಬ್ಬ ಬರಿಮೈಯವ ತಲೆಯ ಮೇಲೆ ಹಂಚಿನಲ್ಲಿ ಸಗಣಿಯ ಗುರ್ಜಿಯನ್ನಿಟ್ಟುಕೊಂಡು ಮನೆಮನೆಗೆ ಹೋಗುತ್ತಾನೆ, ಮನೆಯವರು ಅವನ ತಲೆಯ ಮೇಲೆ ಕೊಡದ ನೀರು ಸುರಿದು ಜೋಳ ನೀಡುತ್ತಾರೆ. ಇದು ನನಗೆ ನೆನಪಾದದ್ದು ಮೊದಲ ಕೊಡ ನನ್ನ ನೆತ್ತಿಯ ಮೇಲೆ ಸುರಿದ ಮೇಲೆಯೇ.

"ಅವ್ವಾ, ನಾ ದವಾಖಾನಿಯಾಂವ!" ಎಂದು ಒದರಿದೆ.

"ದವಾಖಾನಿಯಾಂವಗೂ ಮಳಿ ಬೇಕಲ್ಲಪಾ" ಎಂದು ಆಕೆ ಇನ್ನೊಂದು ಕೊಡ ಸುರಿದಳು.

ಓಣಿ ಮುಗಿಯುವಷ್ಟರಲ್ಲಿ ಹದಿನಾಲ್ಕು ಮನೆಗಳ ನೀರು ನನ್ನ ಮೇಲೆ ಬಿದ್ದಿತ್ತು. ಗಡಿಗೆಯೊಳಗಿನವು ಹಿಗ್ಗಿ ವಟಗುಟ್ಟತೊಡಗಿದವು. ಅದನ್ನು ಕೇಳಿ ಜನರ ಭಕ್ತಿ ಇನ್ನಷ್ಟು ಹೆಚ್ಚಿತು. ಅಂಗಿಯ ತುಂಬ ಜೋಳ ಹೊತ್ತು ನಾನು ಮೋಟಾರು ಹತ್ತಿದೆ. ಅದು ಊರು ದಾಟುವ ಮುಂಚೆಯೇ ಮಳೆ ಹಿಡಿಯಿತು. ಹಿಡಿದದ್ದು ವಾರವಾದರೂ ಬಿಡಲಿಲ್ಲ!

ಮುಂದಿನ ಸಲ ಹೋದಾಗ ಊರ ಗೌಡರೇ ಎದುರಿಗೆ ಬಂದು ಕೈಮುಗಿದರು. ನನಗೆ ಎದೆಯುಬ್ಬಿತು.

"ಬಿತ್ತಗಿ ಆತ್ರಿ, ಮಳಿ ಸಾಕು" ಎಂದರು ಗೌಡರು. "ಈಗ ನಾಕ ದಿನ ಬಿಸಲ ಬೇಕಾಗೇತಿ. ಅದಕ್ಕ ಯಾವ ಪ್ರಾಣಿ ಹಿಡೀತೀರಿ?"

ಕನ್ಯೆ ನೋಡಲು ಹೋದದ್ದು

ಅದೇ ಹುರುಪಿನಲ್ಲಿ ಸಂಕೇಶ್ವರಕ್ಕೆ ಕನ್ಯೆ ನೋಡಲು ಹೋದೆ. ಹುಡುಗಿಯ ತಂದೆ ಅವಲಕ್ಕಿಯ ತಾಟು ಮುಂದಿಟ್ಟು ಕೇಳಿದರು, "ದವಾಖಾನ್ಯಾಗ ಏನ ಕೆಲಸ ಮಾಡ್ತೀರಿ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಮುಂಜಾನೆ ಕಪ್ಪಿ ಕಟ್ಟತೇನ್ರಿ" ಎಂದೆ.

"ಸಂಜಿಕೆ?"

"ಬಿಚ್ಚಿ ಬಿಡತೇನ್ರಿ."

ಅವರು ಒಳಗಿನವರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದರು, "ಅನುಮಾನ ಬ್ಯಾಡ. ಸರ್ಕಾರಿ ನೌಕರೀನ ಐತಿ!"

ಮದುವೆ ಗಟ್ಟಿಯಾಯಿತು.

ಗೋಡೆಗೆ ಆತು ನಿಂತವರು

ವಾರಕ್ಕೊಮ್ಮೆ ಡಾಕ್ಟರು ಹುಕ್ಕೇರಿಯಲ್ಲಿ ರೋಗಿಗಳನ್ನು ನೋಡುತ್ತಿದ್ದರು. ದುರ್ಬೀನನ್ನು ಬಿಟ್ಟಿರಲಾರದೆ ಅದನ್ನೂ, ಒಂದು ಕಪ್ಪೆಯನ್ನೂ, ಕಾಲಿಲ್ಲದ ಮಂಚವನ್ನೂ ಜೊತೆಗೆ ಒಯ್ಯುತ್ತಿದ್ದರು. ಒಂದು ದಿನ ಬೆಲ್ಲದ ಬಾಗೇವಾಡಿಯ ಅಜ್ಜಿಯೊಬ್ಬಳು ಕಾಲಿಗೆ ಜಾಲಿಮುಳ್ಳು ನೆಟ್ಟು ಬಂದಳು. ಪಾದ ಬಾತು ಕೆಂಪಾಗಿತ್ತು. ಮುಳ್ಳು ತೆಗೆಯುವಾಗ ಆಕೆ ಹುಂ ಅನ್ನಲಿಲ್ಲ, ಆದರೆ ಅವಳ ಕಣ್ಣೆಲ್ಲ ದುರ್ಬೀನಿನ ಮೇಲೆ.

"ಅದರಾಗೇನ ಕಾಣಸತೈತ್ರಿ?"

ಯಾರಾದರೂ ಕೇಳಿದರೆ ಸಾಕು, ಡಾಕ್ಟರಿಗೆ ಹಬ್ಬ. ಕಪ್ಪೆಯ ಪೊರೆಗೆ ಉರಿ ಎಬ್ಬಿಸುವ ಎಣ್ಣೆ ಆಗಲೇ ಹಚ್ಚಿಯಾಗಿತ್ತು, ಅಜ್ಜಿಯನ್ನು ಸ್ಟೂಲಿನ ಮೇಲೆ ಕೂಡಿಸಿದರು. ಆಕೆ ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದಳು.

"ನಡಬರಕ ಕೆಂಪನ್ನವು ಓಡಾಕತ್ತಾವ. ಬಾಜೂಕ ಒಂದಿಷ್ಟು ಬೆಳ್ಳನ್ನವು ಗ್ವಾಡಿಗೆ ಆತು ಸುಮ್ನ ನಿಂತಾವಲ್ಲರಿ? ಕೆಲಸ ಇಲ್ಲದವೇನು?"

"ಅಜ್ಜಿ, ಅವ ಖರೆ ಕೆಲಸದವು" ಎಂದರು ಡಾಕ್ಟರು. "ಗಾಯ ಆದಲ್ಲಿ ಮೊದಲ ಗ್ವಾಡಿಗೆ ಅಂಟಕೊಂಡ ನಿಲ್ತಾವು. ಆಮ್ಯಾಲ ಗ್ವಾಡಿ ಸಂದಿನ್ಯಾಗ ತೂರಿ ಹೊರಗ ಹೋಗಿ ಹೊಲಸೆಲ್ಲಾ ತಿಂದ ಹಾಕ್ತಾವು. ನಿನ್ನ ಕಾಲಾಗೂ ಈಗ ಅದ ನಡದೈತಿ."

ಅಜ್ಜಿ ಕಣ್ಣು ತೆಗೆದಳು. ಮುಖದಲ್ಲಿ ಎಂದೂ ಇಲ್ಲದ ಭರವಸೆ.

"ನನ್ನ ಮಗಾ ಹತ್ತ ವರ್ಷದಿಂದ ಚಾವಡಿ ಗ್ವಾಡಿಗೆ ಆತು ನಿಂತಾನ್ರಿ. ಅಂವ ಯಾವಾಗ ಹೊರಡ್ತಾನ, ಅದರಾಗ ನೋಡಿ ಹೇಳ್ರಿ."

ಪ್ರೊಫೆಸರರ ಕಣ್ಣು

ಎರಡು ವರ್ಷ ಮುಗಿಯಿತು, ಪ್ರೊಫೆಸರರು ಬಂದೇಬಿಟ್ಟರು. ಧಾರವಾಡದ ಕಡೆಯವರು, ಮುಂಬಯಿಯಲ್ಲಿ ಹೆಸರಾದವರು. ಘಟಪ್ರಭಾ ಸ್ಟೇಷನ್ನಿನಿಂದ ಟಾಂಗಾದಲ್ಲಿ ಬಂದಿಳಿದವರು ನಮ್ಮ ಕೋಣೆಯನ್ನು, ಗಿಳಿಗಳಿದ್ದ ಮಂಚವನ್ನು, ನನ್ನನ್ನು ಒಂದೇ ನೋಟದಲ್ಲಿ ನೋಡಿ ಮುಗಿಸಿದರು. ದುರ್ಬೀನಿನ ಖಾಲಿ ಪೆಟ್ಟಿಗೆಯನ್ನು ಮಾತ್ರ ಎರಡು ಸಲ ನೋಡಿದರು.

"ತಾಲೂಕ ಊರಾಗ ಸಂಶೋಧನಾ ಅಂದ್ರ ನಂಬೂದು ಕಷ್ಟ" ಎಂದರು. "ಉರಿ ಎಬ್ಬಿಸೋ ಎಣ್ಣಿ ನಾನ ತಂದೇನಿ. ಅದನ್ನ ಹಾಕಿ ತೋರಸ್ರಿ."

ಕಪ್ಪೆಯ ಪೊರೆಗೆ ಆ ಎಣ್ಣೆ ಹಚ್ಚಿದರೆ ಅಲ್ಲಿ ಸಣ್ಣ ಗಾಯದಂತೆ ಉರಿಯೆದ್ದು ಬಿಳಿ ಕಣಗಳು ಬಂದು ಅಂಟಬೇಕು. ನಮ್ಮ ಎಣ್ಣೆ ಆ ವಾರದ ತಾಲೀಮಿನಲ್ಲೇ ಮುಗಿದಿತ್ತು. ಪ್ರೊಫೆಸರರ ಎಣ್ಣೆಯನ್ನೇ ಹಚ್ಚಿದೆವು. ಹತ್ತು ನಿಮಿಷ ಕಳೆಯಿತು, ಇಪ್ಪತ್ತು ಕಳೆಯಿತು. ರಕ್ತ ತನ್ನ ಪಾಡಿಗೆ ಓಡುತ್ತಲೇ ಇತ್ತು. ಒಂದು ಬಿಳಿ ಕಣವೂ ನಿಲ್ಲಲೊಲ್ಲದು. ಮುಂಬಯಿಯ ಬಾಟಲಿ ಯಾವ ಕಾಲದ್ದೋ, ಎಣ್ಣೆಯ ಸತ್ವವೇ ಸತ್ತಿತ್ತು. ಆದರೆ ಪ್ರೊಫೆಸರರಿಗೆ ಅದನ್ನು ಹೇಳುವವರು ಯಾರು?

"ಕೆಂಪು ಕಣ ಛಲೋ ಕಾಣಸ್ತಾವ" ಎಂದು ಪ್ರೊಫೆಸರರು ಗಡಿಯಾರ ನೋಡಿಕೊಂಡರು. "ಬಿಳೀವು ನಿಂತದ್ದು ನಿಮ್ಮ ಕನಸಿನ್ಯಾಗ ಇರಬೇಕು. ದುರ್ಬೀನ ಪ್ಯಾಕ್ ಮಾಡ್ರಿ."

ಡಾಕ್ಟರು ಎರಡು ವರ್ಷ ಬರೆದಿಟ್ಟ ವಹಿಯನ್ನು ಮುಚ್ಚಿದರು. ಅದನ್ನು ನೋಡಿ ನನಗೆ ಸಿಟ್ಟು ಬಂತು. ಉರಿಯಲ್ಲವೇ ಬೇಕಾದದ್ದು? ನಮ್ಮ ಊರಲ್ಲಿ ಉರಿಗೇನು ಕೊರತೆ? ಮೂಲೆಯಲ್ಲಿದ್ದ ನನ್ನ ಬುತ್ತಿಯ ಗಂಟು ಬಿಚ್ಚಿದೆ. ರೊಟ್ಟಿಯ ನಡುವೆ ಅವ್ವ ಕುಟ್ಟಿದ ರಂಜಕವಿತ್ತು. ಹಣ್ಣು ಮೆಣಸಿನಕಾಯಿ, ಉಪ್ಪು, ಬಳ್ಳೊಳ್ಳಿ, ನಿಂಬೆಹುಳಿ ಹಾಕಿ ಅರೆದದ್ದು. ಕಡ್ಡಿಯ ತುದಿಗೆ ಸಾಸಿವೆಯಷ್ಟು ತಗೊಂಡು ನೀರಲ್ಲಿ ಕದಡಿ ಪೊರೆಗೆ ಮುಟ್ಟಿಸಿಬಿಟ್ಟೆ.

"ಏನದು?" ಎಂದು ಪ್ರೊಫೆಸರರು ಕಡ್ಡಿ ಕಸಿದುಕೊಂಡು ತುದಿಯನ್ನು ಬೆರಳಲ್ಲಿ ಹೊಸಕಿ ನೋಡಿದರು.

"ಸಾಹೇಬ್ರ, ಬೈಯೂದಿದ್ರ ಆಮ್ಯಾಲ ಬೈರಿ. ಮೊದಲ ನೋಡ್ರಿ" ಎಂದೆ.

ಒಲ್ಲದ ಮನಸ್ಸಿನಿಂದ ಬಗ್ಗಿದರು. ಸ್ವಲ್ಪ ಹೊತ್ತಿಗೆ "ಒಂದ ನಿಂತಿತು" ಎಂದರು. "ಎರಡು. ಅರೆ, ನಾಕು!" ಆಮೇಲೆ ಎಣಿಸುವುದನ್ನೇ ಬಿಟ್ಟರು. ನಾಳದ ಗೋಡೆಯುದ್ದಕ್ಕೂ ಬಿಳಿ ಕಣಗಳು ಉರುಳಿ ಬಂದು ಸಾಲಾಗಿ ಅಂಟಿಕೊಂಡಿದ್ದವು. ಒಂದೆರಡು ಗೋಡೆ ದಾಟಿ ಹೊರಕ್ಕೂ ಹೊರಟಿದ್ದವು. ಪ್ರೊಫೆಸರರು ಕಣ್ಣು ಕೀಳಲಿಲ್ಲ. ಘಟಪ್ರಭಾದ ಗಾಡಿಯ ವೇಳೆ ಮೀರಿತೆಂದು ಟಾಂಗಾದವ ಎರಡು ಸಲ ಒಳಗೆ ಹಣಿಕಿ ಹೋದ.

ಕೊನೆಗೆ ನೆಟ್ಟಗಾದರು. ಆದರೂ ಸೋಲು ಒಪ್ಪುವ ಮನುಷ್ಯ ಅವರಲ್ಲ. "ಇದು ಕಪ್ಪಿ ಮಾತಾತು. ಮನಷ್ಯಾಗೂ ಹಿಂಗ ಆಗತೈತಿ ಅನ್ನಾಕ ಏನ ಪುರಾವೆ?" ಎನ್ನುತ್ತ, ನೋಡಿ ನೋಡಿ ನೀರೂರಿದ ಕಣ್ಣನ್ನು ಅದೇ ಬೆರಳಿನಿಂದ ಉಜ್ಜಿಕೊಂಡರು.

ಆಮೇಲೆ ಅವರು ಕುಣಿದ ಕುಣಿತ ಹೇಳತೀರದು. ಡಾಕ್ಟರು ಅವರನ್ನು ಹಿಡಿದು ಕೂಡಿಸಿ ತಂಬಿಗೆ ತಂಬಿಗೆ ನೀರಿನಿಂದ ಕಣ್ಣು ತೊಳೆದರು. ಉರಿ ಒಂದಿಷ್ಟು ಇಳಿದ ಮೇಲೆ ಗೋಡೆಯ ಕನ್ನಡಿ ತೆಗೆದು ಅವರ ಮುಂದೆ ಹಿಡಿದರು. ಕಣ್ಣಿನ ಬಿಳಿಯ ತುಂಬ ಕೆಂಪು ನಾಳಗಳು ಉಬ್ಬಿ ನಿಂತಿದ್ದವು.

"ಪುರಾವೆ ಕೇಳಿದ್ರಲ್ಲರಿ ಸಾಹೇಬ್ರ" ಎಂದರು ಡಾಕ್ಟರು ಬಹಳ ವಿನಯದಿಂದ. "ಇಕಾ ನೋಡ್ರಿ. ನಿಮ್ಮ ಬಿಳಿ ಕಣನೂ ಈಗ ಗ್ವಾಡಿಗೆ ಬಂದ ನಿಂತಿರತಾವ."

ಪ್ರೊಫೆಸರರು ಕನ್ನಡಿ ನೋಡಿದರು, ಕಪ್ಪೆಯನ್ನು ನೋಡಿದರು, ಮತ್ತೆ ಕನ್ನಡಿ ನೋಡಿದರು. ಆಮೇಲೆ ಹೊಟ್ಟೆ ಹಿಡಿದು ನಗತೊಡಗಿದರು. ಒಂದು ಕಣ್ಣು ಮುಚ್ಚಿಕೊಂಡೇ ಪೆನ್ನು ತೆಗೆದು, ದುರ್ಬೀನು ಗೋಕಾಕದಲ್ಲೇ ಕಾಯಂ ಇರತಕ್ಕದ್ದು ಎಂದು ಬರೆದು ಸಹಿ ಹಾಕಿದರು. ಡಾಕ್ಟರ ಕಣ್ಣಲ್ಲೂ ನೀರು ಬಂತು, ರಂಜಕ ಮುಟ್ಟದೆಯೇ. ನಾನಂತೂ ಗೆದ್ದ ಪೈಲವಾನನಂತೆ ತೊಡೆ ತಟ್ಟುವುದೊಂದು ಬಾಕಿಯಿತ್ತು.

ಟಾಂಗಾ ಹತ್ತಿದ ಪ್ರೊಫೆಸರರು ನನ್ನನ್ನು ಹತ್ತಿರ ಕರೆದರು. ಕರವಸ್ತ್ರ ಇನ್ನೂ ಕಣ್ಣಿನ ಮೇಲೇ ಇತ್ತು.

"ಆ ರಂಜಕದ್ದ ಒಂದ ಭರಣಿ ಕಟ್ಟಿ ಕೊಡು" ಎಂದರು. "ನಂಬಲಾರದವರು ಮುಂಬಯ್ಯಾಗ ಇನ್ನೂ ನಾಕ ಮಂದಿ ಅದಾರ."