ಸಾರಥಿಗಳ ನೀಲಿ ಡಬ್ಬಿ

"ಇನ್ನು ಮೇಲೆ ನಮ್ಮ ಪಿಕಪ್ಪಿನ ಬಾನೆಟ್ಟನ್ನ ನನ್ನ ಹೊರತು ಯಾರೂ ಮುಟ್ಟಕೂಡದು!"

ಭಾನುವಾರ ಬೆಳಿಗ್ಗೆ ಸಾರಥಿಗಳು ಹೀಗೆಂದು ಘೋಷಿಸಿದಾಗ ಅವರ ಹೆಂಡತಿ ಇಸ್ತ್ರಿ ಮೇಜಿನ ಮುಂದೆ ನಿಂತು ದಿಂಬಿನ ಗವಸಿನ ಮೂಲೆ ಸರಿಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಲಾಂಡ್ರಿಯ ಯಜಮಾನಿ ಅವಳು, ಬೋರ್ಡಿನ ಮೇಲಿರುವುದೂ ಅವಳ ಹೆಸರೇ. ಒಗೆದ ಬಟ್ಟೆಯನ್ನು ಊರೆಲ್ಲ ತಲುಪಿಸಿಬರುವ ಗಂಡನಿಗೆ ಬೀದಿಯವರು ಸಾರಥಿ ಎಂದು ಹೆಸರಿಟ್ಟಿದ್ದರು. ಅದರಲ್ಲಿ ಒಂದಿಷ್ಟು ಗೇಲಿಯೂ ಇದೆ ಎಂಬುದು ಅವರನ್ನು ಬಿಟ್ಟು ಮಿಕ್ಕೆಲ್ಲರಿಗೂ ಗೊತ್ತಿತ್ತು.

ಈ ಪ್ರತಿಜ್ಞೆಗೆ ಕಾರಣ ಹಿಂದಿನ ದಿನ ಮೊಬೈಲಿನಲ್ಲಿ ಒಂದರ ಹಿಂದೊಂದು ನೋಡಿದ ಹದಿನಾಲ್ಕು ವಿಡಿಯೋಗಳು. ಇಂಜಿನ್ ಉಸಿರು ಬಿಡುವಾಗ ಆ ಆವಿಯ ಜೊತೆ ಎಣ್ಣೆಯ ಹನಿಗಳೂ ಹೊರಡುತ್ತವಂತೆ. ಅವು ಗಾಳಿಕೊಳವೆ ಹಿಡಿದು ಮತ್ತೆ ಇಂಜಿನ್ನಿಗೇ ನುಗ್ಗಿ ಒಳಗೆಲ್ಲ ಜಿಡ್ಡು ಕಟ್ಟುತ್ತವಂತೆ. ನಡುದಾರಿಯಲ್ಲಿ ಒಂದು ಡಬ್ಬಿ ಕೂರಿಸಿದರೆ ಎಣ್ಣೆ ಅದರಲ್ಲೇ ನಿಂತು ಬರೀ ಗಾಳಿ ಮುಂದಕ್ಕೆ ಹೋಗುತ್ತದಂತೆ. ಆ ಡಬ್ಬಿಗೆ ಆಯಿಲ್ ಕ್ಯಾಚ್ ಕ್ಯಾನ್ ಎಂದು ಹೆಸರು. ಅದಿಲ್ಲದೆ ತಾವು ಇಷ್ಟು ವರ್ಷ ಹೇಗೆ ಗಾಡಿ ಓಡಿಸಿದೆವೋ ಎಂದು ಸಾರಥಿಗಳಿಗೆ ನಡುಕವೇ ಬಂತು.

ಸ್ಪೇರ್ ಪಾರ್ಟ್ಸ್ ಅಂಗಡಿಯವನು ಕೌಂಟರಿನ ಮೇಲೆ ಎರಡು ಡಬ್ಬಿ ಇಟ್ಟ. ಒಂದು ಕಪ್ಪಗೆ, ಮೊಂಡು ಮೊಂಡಾಗಿ, ನೋಡಲು ಏನೂ ಇಲ್ಲ. ಆದರೆ ಒಳಗೆ ಜಾಲರಿ ಇದೆ, ಎಣ್ಣೆಯನ್ನು ತಡೆಯುವುದು ಆ ಜಾಲರಿಯೇ, ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ ಎಂದ. ಇನ್ನೊಂದು ಒಳಗೆ ಬರೀ ಟೊಳ್ಳು. ಹೊರಗೆ ಮಾತ್ರ ಮಿರಿಮಿರಿ ಮಿಂಚುವ ನೀಲಿ, ಕೆಳಗೆ ತಿರುಗಿಸಿ ಬಿಚ್ಚುವ ಬಟ್ಟಲು. ಸಾರಥಿಗಳು ಕಣ್ಣು ಮುಚ್ಚಲಿಲ್ಲ, ಅದೇ ಎಡವಟ್ಟಾಯಿತು. ಲಾಂಡ್ರಿಯ ಬೋರ್ಡೂ ನೀಲಿ, ಪಿಕಪ್ಪೂ ನೀಲಿ, ಡಬ್ಬಿಯೂ ನೀಲಿ! ಅಂಗಡಿಯವನು ಜಾಲರಿಯ ಮಾತನ್ನು ಮತ್ತೊಮ್ಮೆ ತೆಗೆಯುವಷ್ಟರಲ್ಲಿ ಅವರು ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲಿಳಿದಾಗಿತ್ತು.

ಕೂರಿಸುವುದಕ್ಕೆ ಅರ್ಧ ಗಂಟೆ ಸಾಕು ಎಂದು ವಿಡಿಯೋದವನು ಹೇಳಿದ್ದ. ಅವನ ಬಾನೆಟ್ಟಿನ ಕೆಳಗೆ ಜಾಗವಿತ್ತು. ಇಲ್ಲಿ ಬೆರಳು ತೂರಿಸುವುದೇ ಕಷ್ಟ. ಗಾಜು ತೊಳೆಯುವ ನೀರಿನ ಬಾಟಲಿ ಎದ್ದು ಸೀಟಿನ ಕೆಳಗೆ ಹೋಯಿತು. ಹಾರ್ನು ಅತ್ತ ಸರಿದು, ಸರಿದ ಸಿಟ್ಟಿಗೋ ಏನೋ, ಮೂಕವಾಯಿತು. ಮೊದಲ ರಬ್ಬರ್ ಪೈಪು ಗಿಡ್ಡವಾಗಿ ಕತ್ತರಿಸಿಹೋಯಿತು, ಎರಡನೆಯದು ಮಡಿಸಿಕೊಂಡಿತು. ಮೂರನೆಯದು ಕ್ಲಿಪ್ಪಿಗೆ ಸಿಕ್ಕುವ ಹೊತ್ತಿಗೆ ಸಾರಥಿಗಳ ನಾಲ್ಕು ಬೆರಳಿನ ಗೆಣ್ಣು ಸುಲಿದು, ಸಂಜೆಯ ಕಾಫಿಯ ಹೊತ್ತು ದಾಟಿತ್ತು. ಆದರೂ ಬಾನೆಟ್ ಎತ್ತಿ ನಿಂತಾಗ ಅವರಿಗೆ ಆದ ಆನಂದ ಅಷ್ಟಿಷ್ಟಲ್ಲ. ದಾರಿಯಲ್ಲಿ ಹೋಗುತ್ತಿದ್ದ ಹಾಲಿನವನನ್ನೂ ಕರೆದು ತೋರಿಸಿದರು. ಅವನು ಚೆನ್ನಾಗಿದೆ ಎಂದ, ಏನು ಎಂದು ಕೇಳಲಿಲ್ಲ.

ಸೋಮವಾರ ನಾಲ್ಕು ಕಡೆ ಗಾಡಿ ನಿಲ್ಲಿಸಿ ಬಟ್ಟಲು ಬಿಚ್ಚಿ ನೋಡಿದರು. ಒಂದು ಹನಿ ಇಲ್ಲ. ಮಂಗಳವಾರ ಬೆಳಿಗ್ಗೆ ಬೆರಳು ಹಾಕಿ ಸವರಿದರು. ಬೆರಳೇ ಡಬ್ಬಿಗಿಂತ ಜಿಡ್ಡಾಗಿತ್ತು.

ಮಧ್ಯಾಹ್ನ ಹೆಂಡತಿ ಬೆಡ್‌ಶೀಟ್ ಮಡಚುತ್ತ ಮಾತು ತೆಗೆದಳು. ಬುಧವಾರ ಹೊಸ ಹೋಟೆಲಿಗೆ ಮೊದಲ ಲೋಡು. ಎಲ್ಲ ಅಚ್ಚ ಬಿಳಿ, ಹತ್ತು ಗಂಟೆಯೊಳಗೆ ಒಂದು ಕಲೆಯಿಲ್ಲದೆ ಮುಟ್ಟಬೇಕು. ಮುಟ್ಟಿದರೆ ವರ್ಷವಿಡೀ ಅವರ ಕೆಲಸ ಲಾಂಡ್ರಿಗೇ, ತಪ್ಪಿದರೆ ಪಕ್ಕದ ಬೀದಿಯ ಲಾಂಡ್ರಿಯವರ ಪಾಲು. ಇದಕ್ಕಾಗಿ ಅವಳು ಆರು ತಿಂಗಳು ಆ ಹೋಟೆಲಿನ ಮೆಟ್ಟಿಲು ಸವೆಸಿದ್ದಳು.

"ರೀ, ಅದು ಏನಾದ್ರೂ ಹಿಡಿದಿದ್ರೆ ಇರಲಿ. ಇಲ್ಲಾಂದ್ರೆ ಸಂಜೆಯೊಳಗೆ ಕಿತ್ತುಬಿಡಿ. ನಾಳೆ ಹೊಸ ಪ್ರಯೋಗ ಬೇಡ," ಎಂದಳು.

ಕೀಳುವುದೇ! ಹಾಲಿನವನ ಮುಂದೆ ಇನ್ನು ಯಾವ ಮುಖ ಹೊತ್ತು ತಿರುಗುವುದು? ಸಾರಥಿಗಳು ಅತ್ತಿತ್ತ ನೋಡಿದರು. ಇಸ್ತ್ರಿ ಮೇಜಿನ ಕೆಳಗೆ ಒಂದು ತೆರೆದ ಡಬ್ಬದಲ್ಲಿ, ಹೋದ ಸಲ ಇಂಜಿನ್ನಿನಿಂದ ಇಳಿಸಿದ ಹಳೆ ಎಣ್ಣೆ ಇತ್ತು. ಬಾಗಿಲಿನ ಕೀಲಿಗೆ ಬಿಡಲು ಇಟ್ಟುಕೊಂಡದ್ದು. ಹೆಂಡತಿ ನೀರು ಕುಡಿಯಲು ಒಳಗೆ ಹೋದದ್ದೇ ತಡ, ಡಬ್ಬ ಅಂಗಳಕ್ಕೆ ಬಂತು. ಎರಡು ಚಮಚ ಸುರಿದಿದ್ದರೆ ಸಾಕಿತ್ತು. ಆದರೆ ಹೆಂಡತಿಗೆ ತೋರಿಸುವುದು ಎರಡು ಚಮಚವೇ? ಬಟ್ಟಲು ತುಂಬಿ ತುಳುಕುವ ತನಕ ಕೈ ನಿಲ್ಲಲಿಲ್ಲ.

"ಬಾ ಇಲ್ಲಿ, ನೋಡು ಬಾ," ಎಂದು ಕರೆದು, ಅವಳ ಮೂಗಿನ ಕೆಳಗೇ ಬಟ್ಟಲು ಹಿಡಿದರು. ಎರಡೇ ದಿನಕ್ಕೆ ಇಷ್ಟು, ಇದೆಲ್ಲ ಇಂಜಿನ್ನಿನ ಹೊಟ್ಟೆ ಸೇರುತ್ತಿತ್ತು ಎಂದು ಭಾಷಣವೂ ಆಯಿತು. ಅವರು ಎಣ್ಣೆಯನ್ನು ನೋಡುತ್ತಿರಲಿಲ್ಲ, ಹೆಂಡತಿಯ ಮುಖವನ್ನು ನೋಡುತ್ತಿದ್ದರು. ಅವಳು ಬಗ್ಗಿ ನೋಡಿದಳು. ಇನ್ನೊಂದು ಸಲ ನೋಡಿದಳು. ಸರಿ ಎಂದು ಒಳಗೆ ಹೋದಳು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ ವಾದ ಗೆದ್ದ ಖುಷಿಯಲ್ಲಿ ಸಾರಥಿಗಳಿಗೆ ನೆಲವೇ ಕಾಣಲಿಲ್ಲ. ಬಟ್ಟಲನ್ನು ಖಾಲಿ ಮಾಡಬಹುದಿತ್ತು. ಮಾಡಲಿಲ್ಲ. ನಾಳೆ ದಾರಿಯಲ್ಲಿ ಆ ಅಂಗಡಿಯವನಿಗೂ ತೋರಿಸಬೇಕಲ್ಲ! ತುಂಬಿದ್ದ ಬಟ್ಟಲನ್ನು ಹಾಗೆಯೇ ತಿರುಗಿಸಿ ಬಿಗಿದರು.

ಬುಧವಾರ ಸಾರಥಿಗಳು ಎದ್ದು ಬಂದು ಡಬ್ಬಿಯನ್ನು ಬಟ್ಟೆಯಿಂದ ಒರೆಸುವ ಹೊತ್ತಿಗೆ ಹೆಂಡತಿಯೇ ಗಂಟುಗಳನ್ನು ಏರಿಸಿ ಆಗಿತ್ತು. ತಾನು ಬಸ್ಸಿನಲ್ಲಿ ಮುಂದೆ ಹೋಗಿ ಹೋಟೆಲಿನ ಹಿಂಬಾಗಿಲಲ್ಲಿ ಇರುತ್ತೇನೆ, ನಿಧಾನವಾಗಿ ಬನ್ನಿ ಎಂದು ಹೊರಟಳು.

ದಾರಿಯಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇನ್ನೂ ತೆರೆದಿರಲಿಲ್ಲ. ಮೇಲ್ಸೇತುವೆಯ ಏರಿನಲ್ಲಿ ಸಾರಥಿಗಳು ಆಕ್ಸಿಲರೇಟರನ್ನು ಜೋರಾಗಿ ಒತ್ತಿದರು. ಗಾಡಿ ಹಾರಿತು! ಇಷ್ಟು ಶಕ್ತಿ ಇದಕ್ಕೆ ಹುಟ್ಟಿದ ದಿನವೂ ಇರಲಿಲ್ಲ, ಎಲ್ಲ ಡಬ್ಬಿಯ ಮಹಿಮೆ ಎಂದುಕೊಂಡು ಕಾಲು ತೆಗೆದರು. ಗಾಡಿ ಕಾಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಒಳಗೆ ಜಾಲರಿಯಿಲ್ಲದ ಡಬ್ಬಿ, ಕಂಠಮಟ್ಟ ಎಣ್ಣೆ. ಇಂಜಿನ್ ಅದನ್ನು ಪೈಪಿನಲ್ಲಿ ಹೀರಿ ಡೀಸೆಲ್ಲಿನಂತೆ ಕುಡಿಯುತ್ತಿತ್ತು. ಕೀಲಿ ತಿರುಗಿಸಿದರು. ನಿಲ್ಲಲಿಲ್ಲ. ಕೀಲಿಯನ್ನು ಕಿತ್ತು ಕೈಯಲ್ಲಿ ಹಿಡಿದರು. ಕೂಗು ಇನ್ನೂ ಏರಿತು. ಕನ್ನಡಿಯಲ್ಲಿ ನೋಡಿದರೆ ಹಿಂದಿದ್ದ ಬಸ್ಸು ಮಾಯ, ಸೇತುವೆ ಮಾಯ, ಊರೇ ಮಾಯ, ಬರೀ ಹೊಗೆ. ಮುಂದಿನವರಿಗೆ ಎಚ್ಚರಿಕೆ ಕೊಡೋಣವೆಂದರೆ ಹಾರ್ನು ಮೂಕ. ಕೊನೆಗೆ ಟಾಪ್ ಗೇರಿಗೆ ಹಾಕಿ, ಬ್ರೇಕಿನ ಮೇಲೆ ನಿಂತೇಬಿಟ್ಟು ಕ್ಲಚ್ ಬಿಟ್ಟರು. ಪಿಕಪ್ ಒಮ್ಮೆ ಇಡೀ ಮೈ ಕೊಡವಿ ಸತ್ತಿತು.

ಇಳಿದು ಹಿಂದೆ ಹೋದರು. ಗಂಟುಗಳ ಮೇಲೆ ಒಂದೇ ಸಮನೆ ಕಪ್ಪು ಮಸಿ. ಸಾರಥಿಗಳಿಗೆ ಅಲ್ಲಿಯೇ ಕುಳಿತು ಅಳುವ ಹಾಗಾಯಿತು. ಅವಳ ಆರು ತಿಂಗಳನ್ನು ತಾನು ಒಂದು ಬಟ್ಟಲು ಎಣ್ಣೆಗೆ ಮಾರಿದೆನಲ್ಲ ಎಂದುಕೊಂಡರು. ಹೋಟೆಲು ಸೇತುವೆಯ ಕೆಳಗೇ ಇತ್ತು. ಕಲಬೆರಕೆ ಡೀಸೆಲ್ ಎಂದು ಹೇಳುವುದೆಂದು ಓಡುತ್ತಲೇ ನಿಶ್ಚಯಿಸಿದರು. ಹಿಂಬಾಗಿಲಲ್ಲಿ ಹೋಟೆಲಿನ ಮೇಲ್ವಿಚಾರಕಿಯ ಪಕ್ಕ ನಿಂತ ಹೆಂಡತಿಯ ಮುಖ ಕಂಡದ್ದೇ, ನಿಶ್ಚಯ ಮಣ್ಣುಪಾಲಾಯಿತು. ಡಬ್ಬಿ ಏನೂ ಹಿಡಿದಿರಲಿಲ್ಲ, ಎಣ್ಣೆ ಸುರಿದದ್ದು ನಾನೇ, ಬೆಡ್‌ಶೀಟೆಲ್ಲ ಮಸಿಯಾಯಿತು, ನಿನ್ನ ಕೆಲಸ ಹಾಳು ಮಾಡಿದೆ ಎಂದು ಒಂದೇ ಉಸಿರಿನಲ್ಲಿ ಎಲ್ಲವನ್ನೂ ಒಪ್ಪಿಸಿಬಿಟ್ಟರು. ಮೇಲ್ವಿಚಾರಕಿ ಪೆನ್ನು ಕೆಳಗಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದಳು.

"ಬೆಡ್‌ಶೀಟ್ ಏಳು ಗಂಟೆಗೇ ಬಾಡಿಗೆ ವ್ಯಾನಲ್ಲಿ ಬಂದವು. ವರ್ಷದ ಕೆಲಸಕ್ಕೆ ಇವರು ಸಹಿ ಹಾಕಿ ಆಯ್ತು," ಎಂದಳು ಹೆಂಡತಿ. "ನಿಮ್ಮ ಗಾಡೀಲಿ ಇದ್ದದ್ದು ಒಗೆಯೋಕೆ ಬಂದಿರೋ ಗ್ಯಾರೇಜಿನವರ ಬಟ್ಟೆ. ಅದಕ್ಕೆ ಇನ್ನಷ್ಟು ಮಸಿ ಆದ್ರೂ ಅವರಿಗೆ ಗೊತ್ತಾಗಲ್ಲ."

ಸಾರಥಿಗಳು ಕೈಯಲ್ಲೇ ಉಳಿದಿದ್ದ ಗಾಡಿಯ ಕೀಲಿಯನ್ನು ಜೇಬಿಗಿಳಿಸಿದರು. ಆಮೇಲೆ ಮೆಲ್ಲಗೆ ಕೇಳಿದರು, "ನಿನಗೆ... ನಿನ್ನೆಯೇ ಗೊತ್ತಿತ್ತಾ?"

"ನೀವು ಹಿಡಿದು ತೋರಿಸಿದ ಬಟ್ಟಲಲ್ಲಿ, ಎಣ್ಣೆ ಅಂಚಿಗೆ ಒಂದು ಗುಂಡಿ ಅಂಟಿಕೊಂಡಿತ್ತು. ನಾಲ್ಕು ತೂತಿನದು," ಎಂದಳು ಅವಳು. "ನಮ್ಮ ಇಂಜಿನ್ನು ಯಾವಾಗಿಂದ ಅಂಗಿ ತೊಡೋಕೆ ಶುರು ಮಾಡ್ತು ರೀ?"