ದೂರು ಆಲಿಸಲು ಹಿತವಾದ ಹೆಡ್‌ಫೋನ್

ಸಾರ್ವಜನಿಕರ ದೂರು ಆಲಿಸುವ ವಿಭಾಗದ ಹಿರಿಯ ಗುಮಾಸ್ತೆಯ ಎಡಗಿವಿ ಬಾತುಕೊಂಡಿದೆ ಎಂಬ ಸಂಗತಿಯನ್ನು ಕಚೇರಿಯು ಹದಿನೇಳು ದಿನಗಳ ಪರಿಶೀಲನೆಯ ಬಳಿಕ ಒಪ್ಪಿಕೊಂಡಿತು.

ಫೋನಿನಲ್ಲಿ ಬರುವ ದೂರುಗಳನ್ನು ಕೇಳಿ ಬರೆದುಕೊಳ್ಳುವುದು ಆಕೆಯ ಕೆಲಸ. ಹಳೆಯ ಇಯರ್‌ಫೋನಿನ ರಬ್ಬರು ಉದುರಿ, ಬರೀ ಪ್ಲಾಸ್ಟಿಕ್ಕು ಕಿವಿಯೊಳಗೆ ಚುಚ್ಚುತ್ತಿತ್ತು. ಮೆತ್ತಗಿರುವುದೊಂದನ್ನು ಕೊಡಿಸಿ ಎಂದು ಅರ್ಜಿ ಬರೆದಳು.

ಸಾಹೇಬರು ಓದಿ ಗಂಭೀರರಾದರು. "ಮೆತ್ತಗಿರೋದು ಅಂದ್ರೆ, ಯಾವ ಸಂದರ್ಭಕ್ಕಮ್ಮ?"

"ಕೇಳೋ ಸಂದರ್ಭಕ್ಕೆ ಸಾರ್."

"ಕೇಳೋದ್ರಲ್ಲೇ ಎಷ್ಟು ಬಗೆ ಇದೆ! ದುಡುಕಬಾರದು."

ಸಮಿತಿ ರಚನೆಯಾಯಿತು. ಮೇಲಧಿಕಾರಿಗಳ ಮಾತು ಕೇಳಲು, ತಲೆ ಎಷ್ಟು ಬಾಗಿದರೂ ಜಾರದಂಥದ್ದು; ಹೊಗಳಿಕೆ ಕೇಳಲು, ಒಂದಕ್ಷರವೂ ಸೋರದಂತೆ ಬಿಗಿಯಾಗಿ ಕೂರುವಂಥದ್ದು; ಪಕ್ಕದ ಮೇಜಿನ ಗುಟ್ಟು ಕೇಳಲು, ಕೂದಲಲ್ಲಿ ಮರೆಯಾಗುವ ತಂತಿಯಿಲ್ಲದ್ದು. ಇವಿಷ್ಟನ್ನೂ ಅದೇ ವಾರ ತರಿಸಿ ಸದಸ್ಯರೇ ಹಂಚಿಕೊಂಡರು. ದೂರು ಕೇಳುವುದು ಕೊನೆಯ ದರ್ಜೆಯಾದ್ದರಿಂದ ಅದಕ್ಕೆ ಪರೀಕ್ಷೆ ನಡೆಯಿತು. ಊಟವಾದ ಮೇಲೆ ಸದಸ್ಯರು ನಾಲ್ಕು ಬಗೆಯ ಹೆಡ್‌ಫೋನು ಧರಿಸಿ, ಯಾವುದಕ್ಕೂ ಜೋಡಿಸದೆ, ಕುರ್ಚಿಗೆ ಒರಗಿದರು. ಕಿವಿಯನ್ನಿಡೀ ಮುಚ್ಚುವ, ದಿಂಬಿನಷ್ಟು ದಪ್ಪದ, ಸದ್ದನ್ನು ಒಳಗೇ ಬಿಡದ ಒಂದನ್ನು ಧರಿಸಿದವರು ಸಂಜೆಯವರೆಗೆ ಏಳಲಿಲ್ಲ. "ಧರಿಸಿದವರಿಂದ ಯಾವ ದೂರೂ ಕೇಳಿಬಂದಿಲ್ಲ" ಎಂದು ವರದಿಯಾಯಿತು. ಅದೇ ಆಯ್ಕೆಯಾಯಿತು. ಫೋನಿಗೆ ಜೋಡಿಸಿದರೆ ಹಿತಕ್ಕೆ ಭಂಗವೆಂದು ತಂತಿಯನ್ನು ಉಗ್ರಾಣದಲ್ಲೇ ಉಳಿಸಿಕೊಳ್ಳಲಾಯಿತು.

ಮೂರೇ ದಿನಕ್ಕೆ ಗುಮಾಸ್ತೆಯ ಕಿವಿಯ ಬಾವು ಇಳಿಯಿತು. ಆದರೆ ಮನಸ್ಸಿನೊಳಗೇನೋ ಚುಚ್ಚತೊಡಗಿತು.

ಫೋನು ಮಾಡಿ ಸಾಕಾದ ದರ್ಜಿಯೊಬ್ಬ ಖುದ್ದಾಗಿ ಬಂದ. ಅವನ ಅಂಗಡಿಯ ಮೇಲೆ ಪಕ್ಕದ ಗೋಡೌನಿನ ಗೋಡೆ ವಾಲಿಕೊಂಡಿತ್ತು. ಗುಮಾಸ್ತೆ ತಡೆಯಲಾರದೆ ಹೆಡ್‌ಫೋನು ಸರಿಸಿ, ಕೇಳಿ, ಬರೆದುಕೊಂಡಳು. ಕಚೇರಿಯ ವೇಳೆಯಲ್ಲಿ ದೂರು ಕೇಳಿದ್ದೇಕೆಂದು ಆಕೆಗೆ ಕಾರಣ ಕೇಳುವ ನೋಟೀಸು ಬಂತು. ಬರೆದ ಹಾಳೆಯನ್ನು, ನಿಯಮಬಾಹಿರವಾಗಿ ಕೇಳಿ ಬರೆದದ್ದೆಂದು ರದ್ದುಪಡಿಸಲಾಯಿತು.

"ಪಾಪ, ಗೋಡೆ ಬೀಳೋ ಹಾಗಿದೆಯಂತೆ ಸಾರ್."

"ಹೆಡ್‌ಫೋನ್ ಕಿವಿ ಮೇಲೆ ಹಾಕ್ಕೊಳ್ಳಿ ಅಂತ ಕೊಟ್ಟಿದ್ದೀವಿ. ದೂರನ್ನೆಲ್ಲ ಕಿವಿ ಮೇಲೆ ಹಾಕ್ಕೋಬೇಡಿ," ಎಂದರು ಸಾಹೇಬರು, ಮಗಳಿಗೆ ಹೇಳುವಂತೆ.

ದರ್ಜಿ ಮತ್ತೆ ಬಂದಾಗ ಆಕೆ ಎರಡೂ ಕಿವಿ ಮುಚ್ಚಿ ಕೂತಿದ್ದಳು. ಅವನು ಗೋಡೆ ವಾಲಿದ್ದನ್ನು ಅಂಗೈ ಓರೆ ಮಾಡಿ ತೋರಿಸುತ್ತ ಅರ್ಧ ಗಂಟೆ ಮಾತಾಡಿದ. ಕೈ ನಿಂತಲ್ಲೆಲ್ಲ ಆಕೆ ತಲೆಯಾಡಿಸಿದಳು. ಕೊನೆಗೆ ಅವನ ಕಣ್ಣು ತುಂಬಿದ್ದು ಕಂಡು ಗಾಬರಿಯಾಗಿ ಹೆಡ್‌ಫೋನು ತೆಗೆದಳು.

"ಎಷ್ಟು ಕಚೇರಿ ಅಲೆದೆ ತಾಯಿ," ಎಂದ ದರ್ಜಿ. "ಮಧ್ಯೆ ಬಾಯಿ ಹಾಕ್ದೆ ಪೂರ್ತಿ ಕೇಳಿದ್ದು ನೀವೊಬ್ರೇ."

ವಾರದೊಳಗೆ ದರ್ಜಿ ಇಡೀ ಬೀದಿಯನ್ನೇ ಕರೆತಂದ. ಜನರ ಸಾಲು ಮೆಟ್ಟಿಲಿಳಿದು ಗೇಟು ದಾಟಿತ್ತು.

"ಗೋಡೆ ಏನಾಯ್ತಣ್ಣ?" ಎಂದಳು ಗುಮಾಸ್ತೆ, ಮೆಲ್ಲಗೆ.

"ನಿನ್ನೆ ಬಿತ್ತಮ್ಮ. ಅಂಗಡಿ ಹೋಯ್ತು. ಅದನ್ನೇ ಹೇಳ್ಕೊಳ್ಳೋಣ ಅಂತ ಬಂದ್ವಿ." ಅವನು ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕೂತ. "ನೀವು ಅದನ್ನ ಕಿವಿಗೆ ಹಾಕ್ಕೊಳ್ಳಿ, ಶುರು ಮಾಡ್ತೀನಿ."